ಸ್ಕ್ರೀನ್ ಮೇಲೆ ನಂಬರ್ ಬರ್ತಾ ಇದೆ, ಕಾಣಿಸ್ತಾ ಇದೆಯಾ?

ಇವತ್ತು ರಾಜಕೀಯ ಬೇಡ. ಇವತ್ತು ನನ್ನ ಮೇಲೆ ನಾನೇ ಒಂದು ದೂರು ಕೊಡಬೇಕಾಗಿದೆ.

ಒಂದು ಮಳೆಗಾಲದ ರಾತ್ರಿ. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಜರಿದ ಸುದ್ದಿ ಓದ್ತಾ ಇದ್ದೆ. ಓದಿ ಮುಗಿಸಿ, ನಾವು ಆ್ಯಂಕರ್‌ಗಳು ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ: “ತುರ್ತು ಸಹಾಯಕ್ಕೆ ಸಂಪರ್ಕಿಸಬೇಕಾದ ನಂಬರ್ ಸ್ಕ್ರೀನ್ ಮೇಲೆ ಬರ್ತಾ ಇದೆ, ನೋಟ್ ಮಾಡ್ಕೊಳ್ಳಿ.” ನಂಬರ್ ಬಂತು, ಹೋಯ್ತು. ನಾನು ಮುಂದಿನ ಸುದ್ದಿಗೆ ಹೋದೆ.

ಮರುದಿನ ಬೆಳಿಗ್ಗೆ ಕಕ್ಕಿಂಜೆಯಿಂದ ಸೋದರಮಾವನ ಫೋನು. ಉಜಿರೆಯಿಂದ ಘಾಟಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಘಾಟಿಯಲ್ಲಿ ಗುಡ್ಡ ಕೆಮ್ಮಿದರೂ ಅಲ್ಲಿಯವರಿಗೆ ನಿದ್ದೆ ಇಲ್ಲ. ಮಾವ ನಿವೃತ್ತ ಶಾಲಾ ಮಾಸ್ತರು. ಅಡಿಕೆ ತೋಟ ಉಂಟು, ಮನೆಯಲ್ಲಿ ಅತ್ತೆ ಮತ್ತು ಅವರು ಇಬ್ಬರೇ.

“ನಿನ್ನೆ ಎಂತದೋ ನಂಬರ್ ಉಂಟು ಅಂದೆಯಲ್ಲ, ಅದು ಎಷ್ಟು ಮಾರಾಯಾ?”

“ಸ್ಕ್ರೀನ್ ಮೇಲೆ ಬಂತಲ್ಲ ಮಾವ.”

“ನಿನ್ನ ಸ್ಕ್ರೀನು ನನಗೆ ಕಾಣುದಿಲ್ಲ ಅಂತ ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಮಾವನಿಗೆ ಗ್ಲಾಕೋಮಾ ಇರುವುದು, ಮಂಗಳೂರಿಗೆ ಹೋಗಿ ತೋರಿಸುವುದು, ದಿನಾ ಕಣ್ಣಿಗೆ ಡ್ರಾಪ್ಸ್ ಹಾಕುವುದು, ಎಲ್ಲಾ ಗೊತ್ತಿತ್ತು. ಆದರೂ ಅವರು ನನ್ನ ಕಾರ್ಯಕ್ರಮವನ್ನು “ನೋಡ್ತಾರೆ” ಅಂತಲೇ ಅಂದುಕೊಂಡಿದ್ದೆ. ಅವರು ಕೇಳ್ತಾ ಇದ್ದರು, ಅಷ್ಟೇ. ಅಂದಹಾಗೆ ಆ ನಂಬರ್ 1077, ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ. ನಾಲ್ಕೇ ಅಂಕಿ. ಹೇಳಲು ಎರಡು ಸೆಕೆಂಡು ಸಾಕಿತ್ತು.

ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಪ್ರಾಯಶ್ಚಿತ್ತ ಅಂತಲೇ ಇಟ್ಟುಕೊಳ್ಳಿ. ಮಾವನಿಗೆ ಕಂಪ್ಯೂಟರ್ ಹೊಸದಲ್ಲ, ಕಣ್ಣು ಚೆನ್ನಾಗಿದ್ದಾಗ ಶಾಲೆಯ ಲೆಕ್ಕಪತ್ರ ಅವರೇ ಟೈಪ್ ಮಾಡುತ್ತಿದ್ದರು. ನಾನು ದೊಡ್ಡ ಪಂಡಿತನ ಹಾಗೆ ವಿಂಡೋಸ್ ಕೀ ಒತ್ತಿ ಹಿಡಿದು ಪ್ಲಸ್ ಚಿಹ್ನೆ ಒತ್ತಿದೆ. ಮ್ಯಾಗ್ನಿಫೈಯರ್ ಬಂತು. ಒತ್ತುತ್ತಾ ಹೋದೆ, ಇನ್ನೂರು, ಮುನ್ನೂರು, ನಾನೂರು ಪರ್ಸೆಂಟ್. ಅಕ್ಷರ ಒಂದೊಂದೂ ತೆಂಗಿನಕಾಯಿ ಗಾತ್ರ!

“ಈಗ ಕಾಣ್ತದಾ ಮಾವ?”

“ಈಗ ಎಂತದೂ ಕಾಣುದಿಲ್ಲ.”

ಇಲ್ಲಿ ನಾನು ಮಾಡಿದ ತಪ್ಪನ್ನೇ ಬಹಳಷ್ಟು ಮನೆಗಳಲ್ಲಿ ಮಾಡ್ತಾರೆ, ಅದಕ್ಕೇ ಸ್ವಲ್ಪ ನಿಂತು ಹೇಳ್ತೇನೆ. ಕಣ್ಣು ಮಂಜು ಅಂದರೆ ಎಲ್ಲರಿಗೂ ಒಂದೇ ಥರ ಮಂಜು ಅಲ್ಲ. ವಯಸ್ಸಾದವರಿಗೆ ಬರುವ ಮ್ಯಾಕುಲಾದ ತೊಂದರೆಯಲ್ಲಿ ನೋಟದ ನಡುಭಾಗ ಹೋಗುತ್ತದೆ, ಅಂಚು ಉಳಿಯುತ್ತದೆ. ಅಂಥವರಿಗೆ ಅಕ್ಷರ ದೊಡ್ಡದು ಮಾಡಿದರೆ ಅನುಕೂಲ. ಗ್ಲಾಕೋಮಾದಲ್ಲಿ ಇದು ಉಲ್ಟಾ. ಅಂಚಿನಿಂದ ಶುರುವಾಗಿ ನೋಟ ಕಿರಿದಾಗುತ್ತಾ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದು ಸಣ್ಣ ವೃತ್ತ ಮಾತ್ರ ಉಳಿಯುತ್ತದೆ. ಮಾವ ಹೇಳಿದ್ದು ಹೀಗೆ: “ಟೀವಿಯಲ್ಲಿ ನಿನ್ನ ಮೂಗು ಕಂಡರೆ ಕಿವಿ ಕಾಣುದಿಲ್ಲ.” ಅಂಥವರ ಮುಂದೆ ಅಕ್ಷರವನ್ನು ತೆಂಗಿನಕಾಯಿ ಮಾಡಿ ಇಟ್ಟರೆ ಆ ವೃತ್ತದೊಳಗೆ ಅರ್ಧ ಅಕ್ಷರವೂ ಹಿಡಿಸುವುದಿಲ್ಲ. ಕ್ಯಾಟರ್ಯಾಕ್ಟ್ ಇದ್ದವರದ್ದು ಇನ್ನೊಂದು ಕಥೆ. ಬಿಳಿ ಪರದೆಯ ಬೆಳಕೇ ಅವರಿಗೆ ಕಣ್ಣು ಚುಚ್ಚುತ್ತದೆ.

ನೂರೈವತ್ತಕ್ಕೆ ಇಳಿಸಿದೆ. ಕಂಟ್ರೋಲ್, ಆಲ್ಟ್ ಮತ್ತು ಐ ಒಟ್ಟಿಗೆ ಒತ್ತಿ ಬಣ್ಣ ತಿರುವಿದೆ. ಕಪ್ಪು ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದ ಹಾಗೆ ಆಯ್ತು. ಮೌಸಿನ ಬಾಣವನ್ನು ದಪ್ಪ ಮಾಡಿ ಹಳದಿ ಬಣ್ಣ ಕೊಟ್ಟೆ. ಮಾವ ಕುರ್ಚಿ ಮುಂದೆ ಎಳೆದುಕೊಂಡರು. “ಹಾಂ, ಇದು ಬೋರ್ಡು. ಇದು ಓದಬಹುದು.” ಒಂದು ಸಾಲು ಓದಿದರು, ಎರಡನೆಯದೂ ಓದಿದರು. ಮೂರಕ್ಕೆ ಕಣ್ಣು ಒರೆಸಿಕೊಂಡು ಸುಸ್ತಾಗಿ ಒರಗಿದರು.

ಇದಕ್ಕೆ ಯಾವುದನ್ನೂ ದುಡ್ಡು ಕೊಟ್ಟು ತರಬೇಕಿಲ್ಲ ವೀಕ್ಷಕರೇ. ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆಗೆ ಯು ಒತ್ತಿದರೆ ಈ ಸೌಲಭ್ಯಗಳೆಲ್ಲ ಒಂದೇ ಕಡೆ ತೆರೆದುಕೊಳ್ಳುತ್ತವೆ. ಮ್ಯಾಗ್ನಿಫೈಯರ್ ಸಾಕು ಅನ್ನಿಸಿದರೆ ವಿಂಡೋಸ್ ಮತ್ತು ಎಸ್ಕೇಪ್. ಮೊಬೈಲಿನಲ್ಲೂ ಸೆಟ್ಟಿಂಗ್ಸ್ ಒಳಗೆ ಆ್ಯಕ್ಸೆಸಿಬಿಲಿಟಿ ಅನ್ನುವ ಭಾಗ ಇದೆ, ನಮ್ಮಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಅಲ್ಲೇ ಇರೋದು. ಒಂದೇ ಎಚ್ಚರಿಕೆ: ಅದನ್ನು ಆನ್ ಮಾಡಿದ ಮೇಲೆ ಒಂದು ಸಲ ಮುಟ್ಟಿದರೆ ಫೋನು ಏನಿದೆ ಅಂತ ಹೇಳುತ್ತದೆ ಮಾತ್ರ, ತೆರೆಯಬೇಕಾದರೆ ಎರಡು ಸಲ ತಟ್ಟಬೇಕು. ಇದು ಗೊತ್ತಿಲ್ಲದೆ ಫೋನ್ ಹಾಳಾಯ್ತು ಅಂತ ಅಂಗಡಿಗೆ ಓಡಿದವರನ್ನು ನಾನೇ ನೋಡಿದ್ದೇನೆ.

ಮೂರು ಸಾಲಿಗೆ ಸುಸ್ತಾಗುವ ಕಣ್ಣಿಗೆ ಕಿವಿಯೇ ಗತಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ಬಹಳ ಕಾಲ ಇದರಲ್ಲಿ ದೊಡ್ಡ ಹೆಸರು ಜಾಸ್. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಬೈಕ್ ರೇಸರ್ ಟೆಡ್ ಹೆಂಟರ್ ಅದರ ಹಿಂದಿದ್ದವರು. ಒಳ್ಳೆಯ ಸಾಧನ, ಆದರೆ ಬೆಲೆ ಕೇಳಿದರೆ ಮಧ್ಯಮ ವರ್ಗದ ಮನೆಯವರು ಸುಮ್ಮನಾಗುತ್ತಿದ್ದರು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಬಾಲ್ಯದಲ್ಲಿ ಸಂಗೀತ ಶಿಬಿರದಲ್ಲಿ ಪರಿಚಯವಾದವರು, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಮಾಡಿ ಉಚಿತವಾಗಿ ಕೊಟ್ಟರು. ಕಣ್ಣಿದ್ದವನು ಕಂಪ್ಯೂಟರ್ ಬಳಸಲು ಹೆಚ್ಚುವರಿ ದುಡ್ಡು ಕೊಡುವುದಿಲ್ಲ, ಮತ್ತೆ ನಾವ್ಯಾಕೆ ಕೊಡಬೇಕು? ಅವರ ವಾದ ಇಷ್ಟೇ. ಅದರ ಜೊತೆ ಬರುವ ಈಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಸ್ವರ ಯಂತ್ರದ್ದೇ, ಸೊಗಸಿಲ್ಲ. ಆದರೆ ಮಾತು ತಿಳಿಯುತ್ತದೆ.

ಮಾವನಿಗೆ ಮೂರೇ ಪಾಠ ಹೇಳಿಕೊಟ್ಟೆ. ಇನ್ಸರ್ಟ್ ಮತ್ತು ಕೆಳಬಾಣ ಒತ್ತಿದರೆ ಓದುತ್ತಾ ಹೋಗುತ್ತದೆ. ಕಂಟ್ರೋಲ್ ಒತ್ತಿದರೆ ಬಾಯಿ ಮುಚ್ಚುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತದೆ. ಎರಡನೇ ಪಾಠ ಅವರಿಗೆ ಬಹಳ ಹಿಡಿಸಿತು. “ಟೀವಿಯಲ್ಲಿ ಮಾತಾಡುವವರಿಗೂ ಇಂಥದ್ದೊಂದು ಇದ್ದಿದ್ದರೆ!” ಅಂದರು.

ಎಲ್ಲಾ ಸರಿಹೋಯ್ತು ಅಂದುಕೊಳ್ಳುವ ಹೊತ್ತಿಗೆ ಮಾವ ಒಂದು ಫೈಲ್ ತೆರೆಯಲು ಹೇಳಿದರು. ಅವರು ಸದಸ್ಯರಾಗಿರುವ ಸಹಕಾರಿ ಸಂಘವೊಂದರಿಂದ ಬಂದ ಪಿಡಿಎಫ್. ಸಾಲದ ನವೀಕರಣದ ನೋಟಿಸು, ಕನ್ನಡದಲ್ಲೇ ಇತ್ತು, ನನ್ನ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಎನ್‌ವಿಡಿಎ ಓದಲು ಶುರು ಮಾಡಿತು ನೋಡಿ, ಅದು ಕನ್ನಡವೂ ಅಲ್ಲ, ತುಳುವೂ ಅಲ್ಲ, ಇಂಗ್ಲಿಷೂ ಅಲ್ಲ. ನಡುನಡುವೆ ಪೌಂಡ್, ಪೌಂಡ್ ಅಂತಿತ್ತು.

“ಇದು ಓದ್ತಾ ಉಂಟಾ, ಬೈತಾ ಉಂಟಾ?” ಅಂತ ಕೇಳಿದರು ಮಾವ.

ಈ ಪೌಂಡ್ ಎಲ್ಲಿಂದ ಬಂತು? ಇಡೀ ಸಮಸ್ಯೆಯ ಬೇರು ಇಲ್ಲಿದೆ. ನಾವು ವರ್ಷಗಟ್ಟಲೆ ಕನ್ನಡ ಟೈಪ್ ಮಾಡಿದ್ದು ಹಳೆಯ ಫಾಂಟುಗಳಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ನೀವು “ಕನ್ನಡ” ಅಂತ ಬರೆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡ ಇರುವುದೇ ಇಲ್ಲ. ಅಲ್ಲಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಜರ್ಮನ್ನರ ಒಂದು ಅಕ್ಷರ, ಮತ್ತೊಂದು ಕ್ಯೂ. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. ನಮ್ಮ ಕಡೆಯ ಯಕ್ಷಗಾನದ ಹಾಗೆ ಅನ್ನಿ, ರಂಗದ ಮೇಲೆ ಕೌರವ, ಚೌಕಿಯಲ್ಲಿ ಕಿರೀಟ ತೆಗೆದರೆ ಬೇರೆಯೇ ಮನುಷ್ಯ. ಕಣ್ಣಿದ್ದವರು ವೇಷ ನೋಡ್ತಾರೆ. ಸ್ಕ್ರೀನ್ ರೀಡರ್‌ಗೆ ವೇಷ ಕಾಣುವುದಿಲ್ಲ, ಒಳಗಿರುವವನ ಹೆಸರನ್ನೇ ಕೂಗುತ್ತದೆ. “ನ” ಇದ್ದಲ್ಲೆಲ್ಲಾ ಪೌಂಡ್!

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ “ಕ” ಅನ್ನುವುದಕ್ಕೆ ಜಗತ್ತಿಗೆಲ್ಲಾ ಒಂದೇ ಸಂಖ್ಯೆ, 3221. ಯಾವ ಫಾಂಟ್ ಹಾಕಿದರೂ, ಹಾಕದಿದ್ದರೂ, ಅದು ಕ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡ ಇದೆ. ಹೊಸ ನುಡಿಯಲ್ಲೂ ಯೂನಿಕೋಡ್ ಇದೆ. ಕೀಬೋರ್ಡ್ ಹೊಸದಾಗಿ ಕಲಿಯಬೇಕು ಅನ್ನುವ ನೆಪವೂ ನಡೆಯುವುದಿಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಗೆ ತಕ್ಕ ಹಾಗಿರುವ ಕೀಲಿಮಣೆ ವಿನ್ಯಾಸವೇ ಇಲ್ಲೂ ನಡೆಯುತ್ತದೆ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಟೈಪಿಂಗ್ ರೂಢಿ ಇದ್ದ ಮಾವ ಕೀಲಿಮಣೆ ನೋಡದೆಯೇ ತಮ್ಮ ಹೆಸರು ಬರೆದರು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಹೀಗಿದ್ದೂ ಆ ನೋಟಿಸು ಪೌಂಡ್ ಪೌಂಡ್ ಅನ್ನುತ್ತದೆ ಅಂದರೆ, ಅದು ತಂತ್ರಜ್ಞಾನದ ಕೊರತೆ ಅಲ್ಲ. ಯಾರೂ ಕೇಳಲಿಲ್ಲ, ಇವರು ಬದಲಾಯಿಸಲಿಲ್ಲ.

ಆ ನೋಟಿಸನ್ನು ಅಷ್ಟು ದಿನ ಓದುತ್ತಿದ್ದವರು ಯಾರು? ಪಕ್ಕದ ಮನೆಯ ಹುಡುಗ. ಬ್ಯಾಂಕಿನ ಮೆಸೇಜ್ ಓದುವವನೂ ಅವನೇ, ಒಟಿಪಿ ಓದಿ ಹೇಳುವವನೂ ಅವನೇ. ಅವನಿಂದ ಏನೂ ಮೋಸ ಆಗಿಲ್ಲ, ತುಂಬಾ ಒಳ್ಳೆಯ ಹುಡುಗ. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವ ಹೇಳಿದ ಮಾತು ನನಗೆ ಇನ್ನೂ ಕುಟುಕುತ್ತದೆ: “ಅವ ಒಳ್ಳೆಯವ. ಆದರೆ ನನಗೆ ಎಷ್ಟು ಸಾಲ ಉಂಟು ಅಂತ ಅವನಿಗೆ ಯಾಕೆ ಗೊತ್ತಿರಬೇಕು? ನನ್ನ ಹೆಂಡತಿಗೇ ನಾನು ಪೂರಾ ಹೇಳಿಲ್ಲ.” ಅತ್ತೆ ಸಾರು ಬಡಿಸುತ್ತಾ, “ನನಗೆ ಗೊತ್ತುಂಟು, ಅವನೇ ಹೇಳಿದ್ದಾನೆ” ಅಂದರು. ಎಲ್ಲರೂ ನಕ್ಕೆವು. ಮಾವ ನಗಲಿಲ್ಲ.

ಕಾನೂನು ಏನು ಹೇಳುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪೂರ್ತಿ ಕಾಣದವರನ್ನು ಮಾತ್ರವಲ್ಲ, ಮಂದದೃಷ್ಟಿಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಚೆನ್ನಾಗಿರುವ ಕಣ್ಣಿಗೆ, ಕನ್ನಡಕ ಹಾಕಿಯೂ, ಇತರರು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದಷ್ಟೇ ಓದಲಾಗುವ ಮಟ್ಟದಿಂದ ಅದು ಶುರುವಾಗುತ್ತದೆ. ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿದ್ದರೂ ಸೇರುತ್ತದೆ, ಅಂದರೆ ಮಾವನಂಥವರೂ ಇದರ ಒಳಗೇ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಇನ್ನೂ ಮುಂದೆ ಹೋಯಿತು. ಆನ್‌ಲೈನ್ ಕೆವೈಸಿಗೆ ಕಣ್ಣು ಮಿಟುಕಿಸಿ ತೋರಿಸಿ ಅಂದರೆ ಆ್ಯಸಿಡ್ ದಾಳಿಗೆ ಒಳಗಾದವರು, ಅಂಧರು ಏನು ಮಾಡಬೇಕು ಅನ್ನುವುದು ಅಲ್ಲಿದ್ದ ಪ್ರಶ್ನೆ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ ಪೀಠ 20 ನಿರ್ದೇಶನಗಳನ್ನು ಕೊಟ್ಟಿತು. ತೀರ್ಪು ಬಂದ ದಿನ ನಾವೂ ಸುದ್ದಿ ಮಾಡಿದೆವು. ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ.

ಕೆಲಸ ಮಾಡಿದವರೂ ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಅನ್ನುವ ತಂತ್ರಾಂಶ ಮಾಡಿದೆ. ಮುದ್ರಿತ ಪುಟದ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುವ ಸಾಧನ ಅದು. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿಗೂ ಅದು ನಡೆಯುತ್ತದೆ. ಹಳೆಯ ಪುಸ್ತಕ ಹೀಗೆ ಪಠ್ಯವಾದರೆ ಬ್ರೈಲ್ ಮಾಡಬಹುದು, ಧ್ವನಿಯನ್ನೂ ಮಾಡಬಹುದು. 1999ರಿಂದ ಕೆಲಸ ಮಾಡುತ್ತಿರುವ ಎನೇಬಲ್ ಇಂಡಿಯಾ ಸಂಸ್ಥೆ ಹುಟ್ಟಿದ್ದೇ, ದೃಷ್ಟಿ ಕಳೆದುಕೊಳ್ಳುತ್ತಿದ್ದ ತಮ್ಮನನ್ನು ಮತ್ತೆ ತನ್ನ ಕಾಲ ಮೇಲೆ ನಿಲ್ಲಿಸಬೇಕು ಅಂತ ಹೊರಟ ಅಕ್ಕ ಶಾಂತಿ ರಾಘವನ್ ಅವರಿಂದ. ಇನ್ನು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಕೊಟ್ಟ ‘ಮಣಿ’ ಆ್ಯಪ್ ಇದೆ, ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಇಂಟರ್ನೆಟ್ ಬೇಡ. ಘಾಟಿ ಬುಡದ ಊರಿನ ನೆಟ್‌ವರ್ಕ್ ಬಲ್ಲವರಿಗೆ ಇದರ ಬೆಲೆ ಗೊತ್ತು.

ಮಾವನ ಮನೆಯಿಂದ ಬಂದ ಮೇಲೆ ನಮ್ಮ ಚಾನೆಲ್ಲಿನ ಗ್ರಾಫಿಕ್ಸ್ ಹುಡುಗರ ಹತ್ತಿರ ಕೂತೆ. ವೆಬ್ ಪುಟಗಳಿಗೆ ಒಂದು ಅಂತಾರಾಷ್ಟ್ರೀಯ ಅಳತೆ ಇದೆ, ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕಡಿಮೆ ಎಂದರೆ 4.5ಕ್ಕೆ 1 ಇರಬೇಕು. ನಮ್ಮ ವೆಬ್‌ಸೈಟಿನ ಕೆಂಪು ಪಟ್ಟಿಯ ಮೇಲಿನ ಕಿತ್ತಳೆ ಅಕ್ಷರ ಅದರ ಹತ್ತಿರಕ್ಕೂ ಬರಲಿಲ್ಲ. ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಸುದ್ದಿ ಕಾರ್ಡುಗಳು? ಎಲ್ಲವೂ ಚಿತ್ರ. ಸ್ಕ್ರೀನ್ ರೀಡರ್‌ಗೆ ಅದು “ಇಮೇಜ್” ಅನ್ನುವ ಒಂದೇ ಪದ. ಈಗ ಕಾರ್ಡಿನ ಕೆಳಗೆ ಅದೇ ಸುದ್ದಿಯನ್ನು ಎರಡು ಸಾಲು ಟೈಪ್ ಮಾಡಿ ಹಾಕಲು ಹೇಳಿದ್ದೇನೆ. ಹಾಕ್ತಾ ಇದ್ದಾರೆ, ನೆನಪಾದ ದಿನ.

ಸಂಘಕ್ಕೆ ಮಾವನೇ ಕಾಗದ ಬರೆದರು, ಯೂನಿಕೋಡ್‌ನಲ್ಲಿ, ಸ್ವತಃ ಟೈಪ್ ಮಾಡಿ: ಇನ್ನು ಮುಂದೆ ನನ್ನ ನೋಟಿಸನ್ನು ಮೆಸೇಜಾಗಿ ಕಳಿಸಿ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ವಾರಕ್ಕೊಂದು ಕಾಗದ ಹೋಗುತ್ತದಂತೆ. ಮಾಸ್ತರಲ್ಲವಾ, ಉತ್ತರ ಬರೆಯದವರನ್ನು ಬಿಟ್ಟು ಅಭ್ಯಾಸ ಇಲ್ಲ.

ನಾನು ಈಗ ಸ್ಕ್ರೀನ್ ಮೇಲೆ ಬರುವ ನಂಬರನ್ನು ಬಾಯಿ ಬಿಟ್ಟು ಹೇಳ್ತೇನೆ, ಎರಡೆರಡು ಸಲ. ಮೊದಲ ದಿನ ಬುಲೆಟಿನ್ ಮುಗಿದ ಕೂಡಲೇ ಕಕ್ಕಿಂಜೆಯಿಂದ ಫೋನ್ ಬಂತು.

“ಕೇಳಿತು. ಆದರೆ ಎಂತ ಅಷ್ಟು ಗಡಿಬಿಡಿ? ಬರ್ಕೊಳ್ಳುವವನಿಗೆ ಪೆನ್ನು ಹುಡುಕಲಿಕ್ಕಾದರೂ ಪುರುಸೊತ್ತು ಕೊಡು ಮಾರಾಯಾ.”