ಹಿಂದಿರುಗುವ ಧೈರ್ಯ

ನಮ್ಮ ಲಾಕ್ಷಣಿಕರು ನಾಟಕದ ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಉಳಿದ ಗುಣಗಳು ಬೇರೆ ಬೇರೆ. 'ಧೀರ' ಎಂಬ ವಿಶೇಷಣ ಮಾತ್ರ ನಾಲ್ವರಿಗೂ ಸಮಾನ. ಚಿತ್ತ ಕದಡದೆ ನಿಲ್ಲಬಲ್ಲವನು ಧೀರ. ಈ ಹಳೆಯ ಮಾತಿನ ಬೆಲೆ ನನಗೆ ಮತ್ತೊಮ್ಮೆ ಮನವರಿಕೆಯಾದುದು ವಿಮಾನದ ಕ್ಯಾಪ್ಟನ್ನರ ವಿಚಾರವನ್ನು ಓದುವಾಗ.

1944ರ ಷಿಕಾಗೋ ಒಪ್ಪಂದಕ್ಕೆ ಸೇರಿದ ಎರಡನೆಯ ಅನುಬಂಧವು, ವಿಮಾನ ತನ್ನ ವಶದಲ್ಲಿರುವಷ್ಟು ಕಾಲ ಅದರ ವಿಷಯದಲ್ಲಿ ಅಂತಿಮ ನಿರ್ಧಾರ ಕ್ಯಾಪ್ಟನ್ನನದೇ ಎಂದು ವಿಧಿಸುತ್ತದೆ. ಒಡೆತನ ಸಂಸ್ಥೆಯದು, ಆದರೆ ಹಾರುವುದೋ ಬಿಡುವುದೋ, ಇಳಿಯುವುದೋ ಮರಳುವುದೋ ಎಂಬ ತೀರ್ಮಾನ ಅವನದು. ಇಷ್ಟು ಸ್ಪಷ್ಟವಾದ ಅಧಿಕಾರವಿದ್ದೂ ಒತ್ತಡ ಎಲ್ಲಿಂದ ಬರುತ್ತದೆ?

ಒತ್ತಡವು ಆಜ್ಞೆಯ ರೂಪದಲ್ಲಿ ಬರುವುದು ಅಪರೂಪ. ಅದು ವೇಳಾಪಟ್ಟಿಯಾಗಿ, ಇಂಧನದ ಲೆಕ್ಕವಾಗಿ, ನಾಳೆಯ ಕೆಲಸದ ಪಟ್ಟಿಯಾಗಿ ಬರುತ್ತದೆ. 2020ರ ಆಗಸ್ಟ್ 7ರಂದು ದುಬೈಯಿಂದ ಬಂದ ವಿಮಾನವೊಂದು ಮಳೆಯಲ್ಲಿ ಕೋಳಿಕ್ಕೋಡಿನ ಓಡುದಾರಿಯನ್ನು ದಾಟಿ ಕಮರಿಗೆ ಬಿದ್ದು, ಇಬ್ಬರು ಚಾಲಕರೂ ಸೇರಿ 21 ಮಂದಿ ಮೃತರಾದರು. ಮೊದಲ ಯತ್ನದಲ್ಲಿ ಇಳಿಯದೆ ಮೇಲೇರಿದ್ದ ಕ್ಯಾಪ್ಟನ್, ಎರಡನೆಯ ಬಾರಿ ಬೆನ್ನಗಾಳಿಯಲ್ಲೇ ಇಳಿಸಿದರು. ಚಕ್ರಗಳು ನೆಲ ಮುಟ್ಟಿದಾಗ ಓಡುದಾರಿಯ ಸುಮಾರು ಅರ್ಧಭಾಗ ಹಿಂದೆ ಸರಿದಿತ್ತು. ಮೇಲೇರೋಣವೆಂದು ಸಹಚಾಲಕರು ಎಚ್ಚರಿಸಿದ್ದರು. ಬೇರೆ ನಿಲ್ದಾಣಕ್ಕೆ ಹೋಗಲು ಇಂಧನವೂ ಇತ್ತು. ತನಿಖಾ ವರದಿ ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿತು: ಮರುದಿನ ಬೆಳಗಿನ ವಿಮಾನವನ್ನು ಅದೇ ಕ್ಯಾಪ್ಟನ್ ನಡೆಸಬೇಕಿತ್ತು, ಅಲ್ಲಿ ಸಾಕಷ್ಟು ಕ್ಯಾಪ್ಟನ್ನರಿರಲಿಲ್ಲ. ಬೇರೆಡೆ ಇಳಿದರೆ ಆ ಪಯಣ ತಪ್ಪುತ್ತಿತ್ತು. ಯಾರೂ 'ಇಳಿಸು' ಎನ್ನಲಿಲ್ಲ, ಪಟ್ಟಿಯೇ ಹಾಗೆಂದಿತು.

ಆದುದರಿಂದ ದೃಢತೆಯನ್ನು ಒಬ್ಬನ ಎದೆಗಾರಿಕೆಗೆ ಬಿಟ್ಟರೆ ಸಾಲದು. ಇಳಿಯದೆ ಮೇಲೇರಿದ ಚಾಲಕನನ್ನು ದಂಡಿಸಬಾರದೆಂಬ ನೀತಿಯನ್ನು ಅನೇಕ ಸಂಸ್ಥೆಗಳು ಅಂಗೀಕರಿಸಿವೆ. ಕಿರಿಯನ ಎಚ್ಚರಿಕೆಗೆ ಹಿರಿಯನು ಕಿವಿಗೊಡಬೇಕೆಂಬ ಶಿಕ್ಷಣವೂ ಇದೆ. ಧೀರನಿಗೆ ಆಸರೆಯಾಗುವ ವ್ಯವಸ್ಥೆ ಎಂದರೆ ಇದೇ.

ಇಲ್ಲೊಂದು ವಿಪರ್ಯಾಸವುಂಟು. ತಪ್ಪಾದ ನಿರ್ಧಾರಕ್ಕೆ ವರದಿಗಳಿರುತ್ತವೆ, ಸ್ಮಾರಕಗಳಿರುತ್ತವೆ. ಸರಿಯಾದ ನಿರಾಕರಣೆಗೆ ಉಳಿಯುವುದು ತಡವಾದ ವಿಮಾನವೊಂದು, ಗೊಣಗುವ ಪ್ರಯಾಣಿಕರು ಮಾತ್ರ. ಘಟಿಸದೆ ಹೋದ ದುರಂತಕ್ಕೆ ಸಾಕ್ಷಿಯೆಲ್ಲಿ? ಆ ಗೊಣಗಾಟವೂ ಒತ್ತಡದ ಒಂದು ಭಾಗವೇ. ವಿಮಾನ ಬೇರೆ ಊರಿನಲ್ಲಿ ಇಳಿಯಿತೆಂದು ಸಿಡಿಮಿಡಿಗೊಳ್ಳುವ ಮುನ್ನ, ನಮ್ಮೆಲ್ಲರ ಪರವಾಗಿ ಒಬ್ಬರು 'ಬೇಡ' ಎಂದಿರಬಹುದೆಂದು ನೆನೆಯುವುದು ಒಳಿತು.