ಬಾತುಕೋಳಿಯ ಕಾಲಿಗೆ ಅಂಟಿದ್ದ ಉತ್ತರ

ಹೊಸದಾಗಿ ತೋಡಿದ ಕೃಷಿಹೊಂಡದಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಸವನಹುಳು ಕಾಣಿಸಿಕೊಳ್ಳುತ್ತದೆ. ಕಪ್ಪೆಯಾದರೆ ಕುಪ್ಪಳಿಸಿಕೊಂಡು ಬಂದಿರಬೇಕು ಅನ್ನಬಹುದು. ನೀರಲ್ಲೇ ಹುಟ್ಟಿ ನೀರಲ್ಲೇ ಸಾಯುವ ಈ ಬಡಪ್ರಾಣಿ ಹೊಲ, ಬೇಲಿ, ರಸ್ತೆಗಳನ್ನು ದಾಟಿದ್ದು ಹೇಗೆ?

ಇಂಗ್ಲೆಂಡಿನ ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಯಲ್ಲಿ ಚಾರ್ಲ್ಸ್ ಡಾರ್ವಿನ್‌ನನ್ನೂ ಇದೇ ಪ್ರಶ್ನೆ ಕಾಡಿತು. 1842ರಲ್ಲಿ ಅವನು ಲಂಡನ್ ಬಿಟ್ಟು ಸಂಸಾರ ಸಮೇತ ಅಲ್ಲಿಗೆ ಬಂದು ನೆಲೆಸಿದ್ದ. ಪಾರಿವಾಳ ಸಾಕಿದ್ದ, ನಾಯಿ ಸಾಕಿದ್ದ, ಮನೆಯ ಪಾತ್ರೆಪಗಡಗಳನ್ನೇ ಪ್ರಯೋಗಕ್ಕೆ ಹಚ್ಚಿದ್ದ. ಬಸವನಹುಳುವಿನ ಪ್ರಶ್ನೆ ಅವನಿಗೆ ಬರೀ ಕುತೂಹಲದ್ದಾಗಿರಲಿಲ್ಲ. ಒಂದು ಜಾತಿಯ ಜೀವಿ ಒಂದೇ ಕಡೆ ಹುಟ್ಟಿ ಅಲ್ಲಿಂದ ಹರಡುತ್ತದೆ ಎಂಬುದು ಅವನ ವಾದ. ಹಾಗಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಕೊಳಗಳಲ್ಲಿ, ದೂರದ ದ್ವೀಪಗಳಲ್ಲಿ ಅದೇ ಬಸವನಹುಳು ಸಿಗುವುದು ಯಾಕೆ? ಕಡಲ ನೀರು ತಾಗಿದರೆ ಅದು ಸಾಯುತ್ತದೆ, ಮೊಟ್ಟೆಯೂ ಉಳಿಯುವುದಿಲ್ಲ. ದೇವರೇ ಕೊಳಕ್ಕೊಂದರಂತೆ ಸೃಷ್ಟಿಸಿದ ಎಂದು ಎದುರಾಳಿ ಹೇಳಿದರೆ ಉತ್ತರ ಬೇಕಿತ್ತು.

ಮೊದಲ ಸುಳಿವು ಕಣ್ಣೆದುರೇ ಇತ್ತು. ಕೊಳದ ಮೇಲೆ ಹಸಿರಾಗಿ ಹರಡುವ ಪುಟಾಣಿ ಎಲೆಯ ಗಿಡ ನೀರಿಂದ ತಟ್ಟನೆ ಮೇಲೆದ್ದ ಬಾತುಕೋಳಿಯ ಬೆನ್ನಿಗೆ ಅಂಟಿದ್ದನ್ನು ಅವನು ಎರಡು ಸಲ ನೋಡಿದ. ಅದೇ ಗಿಡವನ್ನು ಒಂದು ಗಾಜಿನ ತೊಟ್ಟಿಯಿಂದ ಇನ್ನೊಂದಕ್ಕೆ ಹಾಕಿದಾಗ ಅದರ ಜೊತೆಗೆ ಬಸವನಹುಳುಗಳೂ ಹೊಸ ತೊಟ್ಟಿ ಸೇರಿಕೊಂಡವು.

ಆಮೇಲೆ ಮಾಡಿದ್ದು ನನಗೆ ಬಲು ಇಷ್ಟವಾದ ಪ್ರಯೋಗ. ಬಸವನಹುಳುವಿನ ಮೊಟ್ಟೆಗಳು ಒಡೆಯುತ್ತಿದ್ದ ತೊಟ್ಟಿಯೊಳಗೆ ಬಾತುಕೋಳಿಯ ಪಾದಗಳನ್ನು ಇಳಿಬಿಟ್ಟ, ಹಕ್ಕಿ ಕೊಳದಲ್ಲಿ ತೂಕಡಿಸುತ್ತಿದ್ದರೆ ಹೇಗಿರುತ್ತದೋ ಹಾಗೆ. ಆಗಷ್ಟೇ ಹೊರಬಂದ ಮರಿಗಳು ಪಾದಕ್ಕೆ ಹತ್ತಿಕೊಂಡವು. ಹೊರತೆಗೆದು ಕೊಡವಿದರೂ ಬೀಳಲಿಲ್ಲ. ತೇವದ ಗಾಳಿಯಲ್ಲಿ 12ರಿಂದ 20 ತಾಸು ಬದುಕಿದವು. ತುಸು ಬೆಳೆದ ಮೇಲಾದರೆ ತಾವಾಗಿಯೇ ಕಳಚಿ ಬೀಳುತ್ತಿದ್ದವು. ಅಷ್ಟು ತಾಸಿನಲ್ಲಿ ಬಾತುಕೋಳಿ 600, 700 ಮೈಲಿ ಹಾರಬಲ್ಲದು ಎಂದು ಡಾರ್ವಿನ್ ಲೆಕ್ಕ ಹಾಕಿದ.

ಒಂದು ಫೆಬ್ರವರಿಯಲ್ಲಿ ಪುಟ್ಟ ಕೊಳದಂಚಿನ ಮೂರು ಕಡೆಯಿಂದ ಮೂರು ದೊಡ್ಡ ಚಮಚ ಕೆಸರು ತಂದ. ಒಣಗಿದಾಗ ಅದರ ತೂಕ 200 ಗ್ರಾಮಿಗೂ ಕಡಿಮೆ. ಅದನ್ನು ಓದುವ ಕೋಣೆಯಲ್ಲಿ ಮುಚ್ಚಿಟ್ಟು, ಮೊಳೆತ ಗಿಡವನ್ನೆಲ್ಲ ಕಿತ್ತು ಎಣಿಸುತ್ತ ಹೋದ. ಆರು ತಿಂಗಳಲ್ಲಿ 537 ಗಿಡ! ಒಂದು ಬಟ್ಟಲಲ್ಲಿ ಹಿಡಿಸುವ ಕೆಸರಿನಲ್ಲಿ ಇಷ್ಟು ಬೀಜವಿದ್ದರೆ, ಕೆಸರು ಮೆತ್ತಿದ ಕಾಲಿನಲ್ಲಿ ಹಾರುವ ಹಕ್ಕಿ ಏನೇನು ಹೊತ್ತೊಯ್ಯುತ್ತಿರಬಹುದು? ಈ ಲೆಕ್ಕವೆಲ್ಲ 1859ರಲ್ಲಿ ಬಂದ ಅವನ ‘ಜೀವಜಾತಿಗಳ ಉಗಮ’ ಪುಸ್ತಕದಲ್ಲಿದೆ. ಅಂಥ ಮಹಾಗ್ರಂಥದೊಳಗೆ ಈ ಬಟ್ಟಲು ಕೆಸರಿಗೂ ಜಾಗ ಸಿಕ್ಕಿದ್ದು ನನಗೆ ಬಲು ಖುಷಿ ಕೊಡುವ ಸಂಗತಿ.

ಆದರೆ ತೊಟ್ಟಿಯಲ್ಲಿ ಆದದ್ದು ಬಯಲಲ್ಲೂ ಆಗುತ್ತದೆಯೇ? 1882ರ ಫೆಬ್ರವರಿಯಲ್ಲಿ ನಾರ್ಥಾಂಪ್ಟನ್ನಿನಿಂದ ಕಾಗದ ಬಂತು. ಬರೆದವನು ವಾಲ್ಟರ್ ಡ್ರಾಬ್ರಿಜ್ ಕ್ರಿಕ್, ಬೂಟಿನ ವ್ಯಾಪಾರದಲ್ಲಿದ್ದ ತರುಣ, ಬಿಡುವಿನಲ್ಲಿ ಜೀವಿಗಳನ್ನು ಹುಡುಕುವವನು. ಅವನು ಹಿಡಿದ ನೀರುಜೀರುಂಡೆಯ ಕಾಲನ್ನು ಪುಟ್ಟದೊಂದು ಕಪ್ಪೆಚಿಪ್ಪು ಬಿಗಿಯಾಗಿ ಕಚ್ಚಿ ಹಿಡಿದಿತ್ತು. ಈ ಜೀರುಂಡೆ ಕೊಳದಿಂದ ಕೊಳಕ್ಕೆ ಹಾರುವಂಥದ್ದು. ಡಾರ್ವಿನ್ ಸಂಭ್ರಮಪಟ್ಟು ಅದನ್ನು ತರಿಸಿಕೊಂಡು ನೋಡಿದ. ಏಪ್ರಿಲ್ 6ರ ‘ನೇಚರ್’ ಪತ್ರಿಕೆಯಲ್ಲಿ ಅವನ ಟಿಪ್ಪಣಿ ಅಚ್ಚಾಯಿತು. 19ರಂದು ಅವನು ತೀರಿಕೊಂಡ. ಆ ಬೂಟಿನ ವ್ಯಾಪಾರಿಯ ಮೊಮ್ಮಗ ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ಜೇಮ್ಸ್ ವಾಟ್ಸನ್ ಜೊತೆಗೂಡಿ ಡಿಎನ್‌ಎಯ ರಚನೆಯನ್ನು ಬಿಡಿಸಿದ.

ಮೀನು ಕೊಳದಿಂದ ಕೊಳಕ್ಕೆ ದಾಟುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಬಾಕಿಯಿತ್ತು. 2020ರಲ್ಲಿ ಹಂಗೇರಿಯ ಸಂಶೋಧಕರು ಬಾತುಕೋಳಿಗಳಿಗೆ ಎರಡು ಜಾತಿಯ ಗೆಂಡೆ ಮೀನಿನ 8000 ಮೊಟ್ಟೆ ತಿನ್ನಿಸಿದರು. ಅದರಲ್ಲೊಂದು ನಮ್ಮ ಕೆರೆಗಳಲ್ಲೂ ಸಾಕುವ ಸಾಮಾನ್ಯ ಗೆಂಡೆ. ಹಿಕ್ಕೆಯಲ್ಲಿ ಇಡಿಯಾಗಿ ಸಿಕ್ಕಿದ್ದು 18, ಮರಿಯಾದದ್ದು ಮೂರೇ ಮೂರು. ಆದರೆ ಒಂದು ಗೆಂಡೆ ಇಡುವ ಮೊಟ್ಟೆ ಲಕ್ಷಗಟ್ಟಲೆ, ಅದನ್ನು ತಿನ್ನುವ ಬಾತುಕೋಳಿಗಳಿಗೂ ಲೆಕ್ಕವಿಲ್ಲ.