ನಾಲ್ಕು ಅಂಗುಲದ ನೆಗೆತ

ಪರೇಲಿನ ಕೆ.ಇ.ಎಂ. ಆಸ್ಪತ್ರೆಗೆ ನೆಂಟರನ್ನೋ ನೆರೆಯವರನ್ನೋ ನೋಡಲು ಹೋಗದ ಮುಂಬಯಿ ಕನ್ನಡಿಗರು ಕಡಿಮೆ. ಆದರೆ ಅದೇ ರಸ್ತೆಯಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡದತ್ತ ಕಣ್ಣೆತ್ತಿ ನೋಡಿದವರು ಎಷ್ಟು ಮಂದಿ? ಒಂದಾನೊಂದು ಕಾಲಕ್ಕೆ ಅದು ಗವರ್ನರರ ನಿವಾಸ. 1882ರಲ್ಲಿ ಗವರ್ನರರ ಪತ್ನಿ ಲೇಡಿ ಫರ್ಗ್ಯೂಸನ್ ಅಲ್ಲಿ ಕಾಲರಾದಿಂದ ತೀರಿಕೊಂಡ ಮೇಲೆ ದೊರೆಗಳು ಆ ಮನೆ ಬಿಟ್ಟು ಮಲಬಾರ್ ಗುಡ್ಡದ ಕಡೆಗೆ ಹೋದರು. ದೊರೆಗಳು ತೊರೆದ ಮನೆಗೆ 1899ರಲ್ಲಿ ಒಬ್ಬ ವಿಜ್ಞಾನಿ ಪ್ಲೇಗಿನ ಕ್ರಿಮಿಗಳನ್ನು ಗಾಜಿನ ಬುರುಡೆಗಳಲ್ಲಿ ತುಂಬಿಕೊಂಡು ಒಕ್ಕಲು ಬಂದರು!

ಪ್ಲೇಗು ಮುಂಬಯಿಗೆ ಬಂದುದು 1896ರಲ್ಲಿ. ಮಾಂಡವಿಯ ದಕ್ಕೆಯ ಬಳಿ ಡಾಕ್ಟರ್ ಅಕಾಸಿಯೊ ವಿಯೆಗಸ್ ಅವರು ಸೆಪ್ಟೆಂಬರಿನಲ್ಲಿ ಅದನ್ನು ಗುರುತಿಸಿದರು. ಸಾವಿಗೆ ಬೆದರಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ಉಳಿದವರ ಮನೆಗಳಿಗೆ ಸರ್ಕಾರದ ಜನ ನುಗ್ಗಿ ರೋಗಿಗಳನ್ನು ಒಯ್ಯತೊಡಗಿದರು. ಅಕ್ಟೋಬರಿನಲ್ಲಿ ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ಏರಿಹೋದರು. ಅವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಒಳಗೆ ಹೋದವರು ಹಿಂದಿರುಗಿ ಬರದ ಮನೆಯನ್ನು ಯಾರು ತಾನೆ ನಂಬಿಯಾರು?

ಅದೇ ಅಕ್ಟೋಬರಿನಲ್ಲಿ ಈ ಊರಿಗೆ ಬಂದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ; ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಇಷ್ಟೇ ಅವರ ಪ್ರಯೋಗಶಾಲೆ. ಮಾಂಸದ ರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಲ್ಲಿ ಪ್ಲೇಗಿನ ಕ್ರಿಮಿಗಳು ಬಿಳಲಿನಂತೆ ಜೋತು ಬೆಳೆಯುವುದನ್ನು ಅವರು ಕಂಡರು. (ನಮ್ಮ ಅಡುಗೆಮನೆಯ ತುಪ್ಪ ಎಂತಹ ಕೆಲಸಕ್ಕೆ ಬಂದಿತು ನೋಡಿ!) ಆ ಕ್ರಿಮಿಗಳನ್ನು ಕಾಯಿಸಿ ಕೊಂದು ಮದ್ದು ಮಾಡಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂದಿತು; ಇಳಿಯಿತು. ಬಳಿಕ ಬೈಕುಲಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಚುಚ್ಚಿದರು. ಚುಚ್ಚಿಸಿಕೊಂಡವರೆಷ್ಟು, ಕಾಯಿಲೆ ಬಿದ್ದವರೆಷ್ಟು, ಸತ್ತವರೆಷ್ಟು ಎಂದು ಎರಡೂ ಗುಂಪುಗಳ ಲೆಕ್ಕ ಇಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಮದ್ದನ್ನು ಚುಚ್ಚಿಸಿಕೊಂಡರು. ಅಲ್ಲಿಯೂ ಹೀಗೆಯೇ ಲೆಕ್ಕ ನಡೆಯಿತು. ಮದ್ದು ಪೂರ್ಣ ರಕ್ಷಣೆಯೇನೂ ಅಲ್ಲ; ಆದರೂ ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂದು ಕಂಡುಬಂದಿತು.

ಇಷ್ಟಾದರೂ ಮುಖ್ಯವಾದ ಪ್ರಶ್ನೆ ಉಳಿದೇ ಇತ್ತು. ರೋಗ ಒಬ್ಬರಿಂದ ಒಬ್ಬರಿಗೆ ಬರುವುದು ಹೇಗೆ? ಗಾಳಿಯೇ, ನೆಲವೇ, ಬಟ್ಟೆಯೇ, ಮುಟ್ಟಿದ ಕೈಯೇ? ಮನೆಯಲ್ಲಿ ಒಬ್ಬರು ಮಲಗಿದರೆ ಹತ್ತಿರ ಹೋಗಬೇಕೇ, ಬಿಟ್ಟು ಓಡಬೇಕೇ? 1898ರಲ್ಲಿ ಫ್ರೆಂಚ್ ವೈದ್ಯ ಸಿಮೋಂ ಅವರು ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ಇದಕ್ಕೆ ಕಾರಣವೆಂದರು. ಬಹುಮಂದಿ ನಂಬಲಿಲ್ಲ.

1905ರಲ್ಲಿ ನೇಮಕವಾದ ಪ್ಲೇಗು ಸಂಶೋಧನಾ ಮಂಡಲಿಯವರು ಪರೇಲಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಬಿಡಿಸಿದ ಬಗೆ ನನಗೆ ಯಾವ ಪತ್ತೇದಾರಿ ಕಥೆಗಿಂತಲೂ ರುಚಿಯಾಗಿ ತೋರುತ್ತದೆ. ಕೋಣೆಗಳಲ್ಲಿ ಪ್ಲೇಗು ತಗುಲಿದ ಗಿನಿಹಂದಿಗಳನ್ನೂ ಆರೋಗ್ಯವಾಗಿದ್ದವನ್ನೂ ಒಟ್ಟಿಗೆ ಬಿಟ್ಟರು. ಚಿಗಟವಿಲ್ಲದ ಕೋಣೆಯಲ್ಲಿ ಅವು ಒಂದರ ಮೈಗೆ ಒಂದು ಒತ್ತಿ ಮಲಗಿದರೂ, ಹೊಲಸಿನಲ್ಲೇ ಹೊರಳಾಡಿದರೂ ರೋಗ ಹರಡಲಿಲ್ಲ. ಚಿಗಟ ಇದ್ದಲ್ಲಿ ಹರಡಿತು. ಇನ್ನೊಂದು ಪರೀಕ್ಷೆ: ಚಿಗಟವಿದ್ದ ಕೋಣೆಯಲ್ಲಿ ಒಂದು ಪಂಜರವನ್ನು ನೆಲದಿಂದ ಎರಡು ಅಂಗುಲ ಮೇಲೆ, ಇನ್ನೊಂದನ್ನು ಎರಡು ಅಡಿ ಮೇಲೆ ಇಟ್ಟರು. ಕೆಳಗಿನದಕ್ಕೆ ಪ್ಲೇಗು ಬಂದಿತು, ಮೇಲಿನದಕ್ಕೆ ಬರಲಿಲ್ಲ. ಗಾಳಿ ಎರಡಕ್ಕೂ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಇಲಿಯ ಚಿಗಟ ನೆಗೆಯಬಲ್ಲುದು ಸುಮಾರು ನಾಲ್ಕು ಅಂಗುಲ ಮಾತ್ರ!

ಅವರ ಫಲಿತಾಂಶಗಳಲ್ಲಿ ಇನ್ನೊಂದು ಇದೆ. ಚಿಗಟವಿಲ್ಲದಿದ್ದರೆ, ಪ್ಲೇಗು ತಗುಲಿದ ತಾಯಿಯ ಹಾಲು ಕುಡಿದ ಮರಿಗೂ ರೋಗ ಬರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗಡ್ಡೆ ಎದ್ದ ಮೈಯಿಂದ ಕೂಸನ್ನು ಕಿತ್ತು ಬೇರೆಯವರ ಕೈಗೆ ಕೊಟ್ಟ ತಾಯಂದಿರು ಆ ಕಾಲದಲ್ಲಿ ಎಷ್ಟಿದ್ದರೋ! ಕೂಸು ಸತ್ತರೆ ತನ್ನಿಂದಲೇ ಸತ್ತಿತೆಂದು, ತನ್ನ ಹಾಲೇ ವಿಷವಾಯಿತೆಂದು ಕೊರಗಿದವರೆಷ್ಟೋ! (ಶ್ವಾಸಕೋಶಕ್ಕಿಳಿದ ಪ್ಲೇಗು ಮಾತ್ರ ಉಸಿರಿನಿಂದಲೂ ಹರಡುತ್ತದೆ, ಅದರ ಮಾತು ಬೇರೆ.) ಮಾರಿಯ ಮುನಿಸು, ಮನೆಯವರ ಪಾಪ ಎಂದು ಹೊತ್ತುಕೊಂಡಿದ್ದ ಹೊರೆಯೆಲ್ಲ ಒಂದು ಹುಳುವಿನ ಕಾಲಿನ ಶಕ್ತಿಯ ಲೆಕ್ಕಕ್ಕೆ ಇಳಿಯಿತು. ಇದಕ್ಕಿಂತ ದೊಡ್ಡ ಸಮಾಧಾನದ ಮಾತನ್ನು ಆ ತಾಯಂದಿರಿಗೆ ಯಾವ ಪುರಾಣಿಕರು ಹೇಳಬಲ್ಲವರಾಗಿದ್ದರು?

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ವಾಚಕರು ಓದಿರಬಹುದು. ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿವೆ, ಮನೆಗಳ ಮೇಲೆ ಹದ್ದುಗಳು ಬಂದು ಕೂರುತ್ತಿವೆ. ಜನ ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆ. ಹೆಣದ ಸಂಸ್ಕಾರ ಯಾರು ಮಾಡಬೇಕೆಂಬ ಚರ್ಚೆಯ ನಡುವೆ ಸತ್ತ ಇಲಿಯನ್ನು ಕೇಳುವವರಿಲ್ಲ.

ಆದರೆ ನಮ್ಮ ಹಿರಿಯರೆಲ್ಲರೂ ಹೀಗಿರಲಿಲ್ಲ. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೂ ನುಗ್ಗಿತು. ಆಮೇಲಿನ ವರ್ಷಗಳಲ್ಲಿ ಇಲಿ ಬಿದ್ದಿತೆಂದರೆ ಹಳ್ಳಿಗೆ ಹಳ್ಳಿಯೇ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಹೊಲದಲ್ಲಿ ಗುಡಿಸಿಲು ಹಾಕಿಕೊಂಡು ಇರುತ್ತಿತ್ತು. ಆ ಗುಡಿಸಿಲ ದಿನಗಳ ಕಥೆ ನಿಮ್ಮ ಮನೆಯ ಅಜ್ಜಿಯರ ಬಾಯಲ್ಲೂ ಬಂದಿದ್ದೀತು. ಇಲಿ ಸತ್ತು ಮೈ ತಣ್ಣಗಾದಾಗ ಚಿಗಟ ಅದನ್ನು ಬಿಟ್ಟು ಬೇರೆ ರಕ್ತವನ್ನು ಅರಸುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದಕ್ಕೆ ಮನುಷ್ಯರು ಸಿಗುವುದಿಲ್ಲ. ಅಜ್ಜಿಯರಿಗೆ ಈ ಕಾರಣ ತಿಳಿದಿರಲಿಲ್ಲ. ಆದರೂ ಮಾರಮ್ಮನಿಗೆ ಹರಕೆ ಹೊತ್ತು, ಇಲಿಯ ಮೇಲೂ ಒಂದು ಕಣ್ಣಿಟ್ಟಿದ್ದರು.